ಮೊರದಲ್ಲಿ ತಾಜ್ ಮಹಲ್

ಶ್ರಾವಣದ ಮೊದಲ ಭಾನುವಾರ ಕಾಫಿ ಕುಡಿದು, ಸ್ಟೂಲ್ ಹತ್ತಿ, ಲಾಫ್ಟ್ ಮೇಲಿಂದ ಒಂದು ದೊಡ್ಡ ಡಬ್ಬ ಇಳಿಸಿದೆ. ಲೆಗೊದವರ ತಾಜ್ ಮಹಲ್. ಲೆಗೊ ಅಂದರೆ ಒಂದಕ್ಕೊಂದು ಸಿಕ್ಕಿಸಿ ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ. ನಂಬರ್ 10256, ಒಟ್ಟು 5,923 ಪೀಸು. ಐದು ವರ್ಷದಿಂದ ಅದು ಅಲ್ಲೇ ಇತ್ತು, ಸೀಲ್ ಸಮೇತ. ಅಡುಗೆಮನೆಯಿಂದ ಚಾಕು ತಂದು ಸೀಲ್ ಕತ್ತರಿಸಿದೆ. ಒಂದು ಫೋಟೋ ತೆಗೆದು ನಮ್ಮ ಲೆಗೊ ವಾಟ್ಸಾಪ್ ಗುಂಪಿಗೆ ಹಾಕಿದೆ.

ಗುಂಪಿನಲ್ಲಿ ಗದ್ದಲವೇ ಎದ್ದಿತು. "ಅಯ್ಯೋ ಮೇಡಂ, ಯಾಕೆ ಒಡೆದ್ರಿ?" "ಇನ್ನೊಂದೈದು ವರ್ಷ ಇಟ್ಟಿದ್ರೆ ಎಷ್ಟಾಗ್ತಿತ್ತು ಗೊತ್ತಾ?" ಸಾಲು ಸಾಲು ಮೆಸೇಜು. ಅಲ್ಲಿ ಉತ್ತರ ಕೊಡಲು ಹೋಗಲಿಲ್ಲ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅದು. ಇವತ್ತು ಸಮಾಧಾನವಾಗಿ ಬರೆಯುತ್ತಿದ್ದೇನೆ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಬೇಕು. ಲೆಗೊ ಸೆಟ್‌ಗಳು ಸಾಮಾನ್ಯವಾಗಿ ಕೆಲವು ವರ್ಷ ಮಾತ್ರ ಅಂಗಡಿಯಲ್ಲಿರುತ್ತವೆ. ಆಮೇಲೆ ಕಂಪನಿ ಅದನ್ನು ಮಾಡುವುದು ನಿಲ್ಲಿಸುತ್ತದೆ. ಆಗ ನಾವು 'ಸೆಟ್ ರಿಟೈರ್ ಆಯ್ತು' ಅಂತೀವಿ. ಆಮೇಲೆ ಬೇಕು ಅಂದರೆ ಯಾರದೋ ಮನೆಯಲ್ಲಿ ಉಳಿದದ್ದನ್ನು ಹುಡುಕಿ ಕೊಳ್ಳಬೇಕು. ಸೀಲ್ ಇರುವ ಡಬ್ಬಕ್ಕೆ ಒಂದು ಬೆಲೆ, ಒಮ್ಮೆ ಜೋಡಿಸಿದ್ದಕ್ಕೆ ಇನ್ನೊಂದು ಬೆಲೆ. ಅದಕ್ಕೇ ಎಷ್ಟೋ ಜನ ಒಂದೇ ಸೆಟ್ಟನ್ನು ಎರಡೆರಡು ಕೊಳ್ಳುತ್ತಾರೆ. ಒಂದು ಜೋಡಿಸಲು, ಇನ್ನೊಂದು ಎತ್ತಿಡಲು. ಇನ್ನು ಕೆಲವರು ಎತ್ತಿಡಲು ಮಾತ್ರ ಕೊಳ್ಳುತ್ತಾರೆ.

ಎತ್ತಿಡುವವರ ಹತ್ತಿರ ಲೆಕ್ಕ ಇದೆ, ಒಪ್ಪುತ್ತೇನೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2,322 ಲೆಗೊ ಸೆಟ್‌ಗಳ ಬೆಲೆ ನೋಡಿದರು. ಮತ್ತೆ ಮಾರಿದಾಗ ಸರಾಸರಿ ವರ್ಷಕ್ಕೆ ಶೇ. 11ರಷ್ಟು ಲಾಭ ಸಿಕ್ಕಿದೆ ಅಂತ ಹೇಳಿದರು. ಗುಂಪಿನಲ್ಲಿ ಈ ಅಂಕಿಯನ್ನು ಎಷ್ಟು ಸಲ ಓದಿದ್ದೇನೋ. ಆದರೆ ಅದು ಸರಾಸರಿ. ಕೆಲವು ಸೆಟ್ ಆಕಾಶಕ್ಕೇರಿವೆ, ಕೆಲವಕ್ಕೆ ಹಾಕಿದ ದುಡ್ಡೂ ವಾಪಸ್ ಬಂದಿಲ್ಲ. ನಮ್ಮ ಲಾಫ್ಟ್ ಮೇಲಿರುವುದು ಯಾವ ಜಾತಿಯದು ಅಂತ ಮೊದಲೇ ಹೇಳುವವರು ಯಾರು?

ಈ ತಾಜ್ ಮಹಲಿನ ಕಥೆಯೇ ಅದಕ್ಕೆ ಉದಾಹರಣೆ. ಮೊದಲು ಇದು ಬಂದದ್ದು 2008ರಲ್ಲಿ, 10189 ಎಂಬ ನಂಬರಿನಲ್ಲಿ. 5,922 ಪೀಸು, ಬೆಲೆ 300 ಡಾಲರ್. ಅಲ್ಲಿಯವರೆಗೆ ಬಂದ ಲೆಗೊ ಸೆಟ್‌ಗಳಲ್ಲಿ ಪೀಸುಗಳ ಲೆಕ್ಕಕ್ಕೆ ಇದೇ ದೊಡ್ಡದು. ಕೆಲವೇ ವರ್ಷದಲ್ಲಿ ನಿಂತುಹೋಯಿತು. ಆಮೇಲೆ ಏರಿತು ನೋಡಿ ಬೆಲೆ! ಸೀಲ್ ಇರುವ ಡಬ್ಬ ಎರಡು ಸಾವಿರ ಡಾಲರ್ ದಾಟಿತು. ಜನ ಅದನ್ನು ಚಿನ್ನದ ಗಟ್ಟಿ ಹಾಗೆ ಎತ್ತಿಟ್ಟರು. 2017ರ ನವೆಂಬರಿನಲ್ಲಿ ಕಂಪನಿ ಅದೇ ತಾಜ್ ಮಹಲನ್ನು ಹೊಸ ನಂಬರಿನಲ್ಲಿ, ಒಂದೇ ಒಂದು ಪೀಸು ಜಾಸ್ತಿ ಮಾಡಿ, 370 ಡಾಲರಿಗೆ ಮತ್ತೆ ಬಿಟ್ಟಿತು. ಹಳೆಯ ಡಬ್ಬದ ಬೆಲೆ ದಡಕ್ಕನೆ ಬಿತ್ತು. ಎರಡು ಸಾವಿರ ಕೊಟ್ಟು ಕೊಂಡು, ಸೀಲ್ ಒಡೆಯದೆ ಇಟ್ಟವರನ್ನು ಒಮ್ಮೆ ನೆನೆದುಕೊಳ್ಳಿ. ದುಡ್ಡೂ ಹೋಯಿತು, ಅಷ್ಟು ವರ್ಷ ಜೋಡಿಸುವ ಖುಷಿಯೂ ಸಿಗಲಿಲ್ಲ. ಅದೇ 2008ರಲ್ಲಿ ಮನೆಗೆ ತಂದು ಜೋಡಿಸಿದವರಿಗೆ ಏನು ನಷ್ಟ ಆಯಿತು? ಏನೂ ಇಲ್ಲ.

ಮಾರಲೆಂದೇ ಕೊಳ್ಳುವವರ ಮೇಲೆ ನನಗೆ ಕೋಪ ಇಲ್ಲ. ಅದು ವ್ಯಾಪಾರ. ಭತ್ತ ದಾಸ್ತಾನು ಮಾಡುವ ಹಾಗೆ, ಸೈಟು ಕೊಳ್ಳುವ ಹಾಗೆ. ಅವರು ಎತ್ತಿಡದಿದ್ದರೆ ಹತ್ತು ವರ್ಷದ ಹಿಂದಿನ ಸೆಟ್ ಈಗ ಬೇಕು ಅನ್ನುವವರಿಗೆ ಸಿಗುವುದೂ ಇಲ್ಲ. ನನ್ನ ಮಾತು ಇರುವುದು ನನ್ನಂಥವರಿಗೆ. ಮಾರುವ ಯೋಚನೆಯೇ ಇಲ್ಲ, ಆಟಿಕೆಯ ಮೇಲೆ ಜೀವ. ಆದರೂ 'ಹಾಳಾಗಬಾರದು' ಅಂತ ಎತ್ತಿಡುತ್ತೇವಲ್ಲ, ನಾವು. ನಾನು ಹೀಗೆ ಏಳು ಡಬ್ಬ ಎತ್ತಿಟ್ಟಿದ್ದೆ.

ಈ ಅಭ್ಯಾಸ ನನಗೆ ಎಲ್ಲಿಂದ ಬಂತು ಅನ್ನುವುದು ಗೊತ್ತು.

1989ರಲ್ಲಿ ನಮ್ಮ ಮಾವ ಬೊಂಬಾಯಿಯಿಂದ ಮೈಸೂರಿಗೆ ಬಂದಾಗ ನನಗೂ ಅಣ್ಣನಿಗೂ ಸೇರಿಸಿ ಒಂದು ಮೆಕ್ಯಾನಿಕ್ಸ್ ಸೆಟ್ ತಂದಿದ್ದರು. ತೂತುಗಳಿರುವ ಲೋಹದ ಪಟ್ಟಿಗಳು, ನಟ್ಟು, ಬೋಲ್ಟು, ಪುಟ್ಟ ಸ್ಪ್ಯಾನರ್. ಆ ವಯಸ್ಸಿನವರಿಗೆಲ್ಲ ನೆನಪಿರಬೇಕು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಮಾಡಿಸಿದ ಮೆಕಾನೊ ಆಟಿಕೆಯ ದಾರಿಯಲ್ಲೇ ಬಂದದ್ದು ಅದು ಅಂತ ಆಮೇಲೆ ತಿಳಿಯಿತು. ನಾವು ಎರಡು ದಿನ ಊಟ ತಿಂಡಿ ಮರೆತು ಕ್ರೇನ್ ಮಾಡಿದೆವು. ಮೂರನೇ ದಿನ ಒಂದು ಬೋಲ್ಟು ಬಚ್ಚಲಿನ ತೂತಿಗೆ ಬಿತ್ತು. ಅಮ್ಮ ಎಲ್ಲವನ್ನೂ ಬಿಚ್ಚಿಸಿ, ಎಣಿಸಿ, ಡಬ್ಬಕ್ಕೆ ಹಾಕಿ, ಬೀರುವಿನೊಳಗೆ ಇಟ್ಟು ಬೀಗ ಹಾಕಿದಳು. "ದೊಡ್ಡೋರಾದ ಮೇಲೆ ಆಡೀರಂತೆ."

ದೊಡ್ಡವರಾದೆವು. ಆಡಲಿಲ್ಲ. ಅಣ್ಣನ ಮಗನಿಗೆ ಎಂಟು ತುಂಬಿದಾಗ ಅಮ್ಮ ತುಂಬಾ ಪ್ರೀತಿಯಿಂದ ಆ ಡಬ್ಬ ತೆಗೆದು ಅವನ ಕೈಗೆ ಕೊಟ್ಟಳು. ಗೋಡೆಯ ತೇವಕ್ಕೆ ನಟ್ಟುಗಳು ತುಕ್ಕು ಹಿಡಿದಿದ್ದವು. ಸ್ಪ್ಯಾನರ್ ತಿರುಗಿಸಿದರೆ ಕೈಗೆ ಕೆಂಪು ಪುಡಿ. ಅವತ್ತು ಅಮ್ಮನ ಮುಖ ನೋಡಿದ್ದೇನೆ. ಅದನ್ನು ಮರೆಯುವುದಕ್ಕೆ ಆಗುವುದಿಲ್ಲ.

ಅಮ್ಮನದು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ವಸ್ತು ಹೋದರೆ ಇನ್ನೊಂದು ಬರುವುದಿಲ್ಲ ಅನ್ನುವ ಕಾಲ ಅದು. ನಿಮ್ಮ ಮನೆಯ ಶೋಕೇಸನ್ನೂ ನೆನಪು ಮಾಡಿಕೊಳ್ಳಿ. ದುಬೈನಿಂದ ಬಂದ ಕಾರು, ಪ್ಲಾಸ್ಟಿಕ್ ಕವರ್ ತೆಗೆಯದ ಗೊಂಬೆ, ಎಲ್ಲಾ ಗಾಜಿನ ಹಿಂದೆ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆವು. ಆಟಿಕೆ ಇರುವುದೇ ನೋಡುವುದಕ್ಕೆ ಅಂತ ನಮಗೆ ಅಭ್ಯಾಸ ಆಗಿಹೋಯಿತು.

ಲೆಗೊ ಸೀಲ್ ಒಡೆಯದೆ ಇಟ್ಟರೆ ಹಾಗೇ ಇರುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಹಳೆಯ ಸೆಟ್‌ಗಳನ್ನು ಬಿಚ್ಚಿದವರನ್ನು ಕೇಳಿ. ಸುಮಾರು 2010ರ ಆಸುಪಾಸಿನ ಕಂದು, ಕಡುಗೆಂಪು ಬಣ್ಣದ ಪೀಸುಗಳು ಕೈಯಲ್ಲಿ ಒತ್ತಿದರೆ ಪಟ್ ಅಂತ ಮುರಿಯುತ್ತವೆ. ಡಬ್ಬದಲ್ಲೇ ಇದ್ದವೂ ಮುರಿಯುತ್ತವೆ. ಸ್ಟಿಕರಿನ ಅಂಟು ಒಣಗುತ್ತದೆ. ರಬ್ಬರ್ ಬ್ಯಾಂಡ್ ಬಿರಿಯುತ್ತದೆ. ಇನ್ನು ನಮ್ಮ ಮಳೆಗಾಲದ ತೇವಕ್ಕೆ ರಟ್ಟಿನ ಡಬ್ಬ ಉಬ್ಬುತ್ತದೆ. ನನ್ನ ಏಳರಲ್ಲಿ ಒಂದಕ್ಕೆ ಹಾಗೇ ಆಯಿತು. ಬಾಡಿಗೆ ಮನೆಯ ಸೀಲಿಂಗ್ ಸೋರಿ ಒಂದು ಮೂಲೆ ಪೂರ್ತಿ ಮೆತ್ತಗಾಗಿತ್ತು. ಹೆದರಿ ಬಿಚ್ಚಿ ನೋಡಿದರೆ ಒಳಗಿನ ಪೀಸುಗಳಿಗೆ ಏನೂ ಆಗಿರಲಿಲ್ಲ. ಒರೆಸಿದೆ, ಹೊಸದರ ಹಾಗೆ ಹೊಳೆದವು. ಹಾಳಾಗಿದ್ದು ರಟ್ಟು ಮಾತ್ರ.

ನನ್ನ ಯೋಚನೆ ಬದಲಾಗಿದ್ದು ಅವತ್ತೇ. ಇಷ್ಟು ವರ್ಷ ನಾನು ಕಾಪಾಡಿದ್ದು ಯಾವುದನ್ನು? ರಟ್ಟನ್ನು.

ಅಂಚೆಚೀಟಿ ಒಮ್ಮೆ ಅಂಟಿಸಿದರೆ ಮುಗಿಯಿತು. ಸೆಂಟಿನ ಬಾಟಲಿ ಒಮ್ಮೆ ತೆರೆದರೆ ಖಾಲಿಯಾಗುತ್ತಾ ಹೋಗುತ್ತದೆ. ಲೆಗೊ ಹಾಗಲ್ಲ. ಜೋಡಿಸಬಹುದು, ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಅದನ್ನು ಮಾಡಿರುವುದೇ ಹಾಗೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದರು. ಲೆಗೊ ಅನ್ನುವ ಹೆಸರು ಡ್ಯಾನಿಶ್ ಭಾಷೆಯ 'ಲೆಗ್ ಗೊಟ್' ಅನ್ನುವುದರಿಂದ ಬಂತು. 'ಚೆನ್ನಾಗಿ ಆಡು' ಅಂತ ಅರ್ಥ. ಅವರ ಮಗ ಗೊಟ್‌ಫ್ರೆಡ್ 1958ರ ಜನವರಿ 28ರಂದು ಇವತ್ತಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದರು. ಮೇಲೆ ಗುಬುಟು, ಒಳಗೆ ಕೊಳವೆ. ಅವತ್ತಿನ ಇಟ್ಟಿಗೆ ಇವತ್ತಿನದಕ್ಕೂ ಸರಿಯಾಗಿ ಕೂರುತ್ತದೆ. ಅಜ್ಜಿಯ ಕಾಲದ ಪೀಸು ಮೊಮ್ಮಗಳ ಪೀಸಿಗೆ ಹಿಡಿದುಕೊಳ್ಳುತ್ತದೆ ಅಂದರೆ ಅದು ಸಣ್ಣ ವಿಷಯವೇ? ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು ಅಂತ ಗಣಿತದವರು ಲೆಕ್ಕ ಹಾಕಿದ್ದಾರೆ. ಬರೀ ಆರಕ್ಕೆ! ಲಾಫ್ಟ್ ಮೇಲಿನ ಡಬ್ಬದಲ್ಲಿ ಅದು ಒಂದೇ ರೀತಿಯಲ್ಲಿ ಇರುತ್ತದೆ, ಕವರಿನೊಳಗೆ.

ಒಂದು ವೇಳೆ ಪೀಸು ಕಳೆದರೆ? ಲೆಗೊ ಕೊಳ್ಳುವ, ಮಾರುವ ಬ್ರಿಕ್‌ಲಿಂಕ್ ಎಂಬ ವೆಬ್‌ಸೈಟಿನಲ್ಲಿ ಬಿಡಿ ಬಿಡಿಯಾಗಿ ಸಿಗುತ್ತವೆ. ಮ್ಯಾನ್ಯುಯಲ್ ಹರಿದರೆ ಬಹುತೇಕ ಸೆಟ್‌ಗಳದ್ದು ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ. ಅಮ್ಮನ ಕಾಲದ ಆ ಬೋಲ್ಟಿನ ಹಾಗೆ ಹೋದರೆ ಹೋಯಿತು ಅನ್ನುವ ಪರಿಸ್ಥಿತಿ ಈಗ ಇಲ್ಲ.

ಯಾರಾದರೂ ಒಬ್ಬರು ಸೀಲ್ ಒಡೆಯದೆ ಇಡಬೇಕಲ್ವಾ, ಮುಂದಿನವರಿಗೆ ಗೊತ್ತಾಗಬೇಡವೇ ಅಂತ ಗುಂಪಿನ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅದನ್ನು ಕಂಪನಿಯೇ ಮಾಡುತ್ತಿದೆ. ಬಿಲ್ಲುಂಡ್‌ನ ನೆಲಮಾಳಿಗೆಯಲ್ಲಿ ಅವರದೇ ಒಂದು ಸಂಗ್ರಹ ಇದೆ, ಹಳೆಯ ಸೆಟ್‌ಗಳನ್ನು ಕಪಾಟುಗಳಲ್ಲಿ ಸಾಲಾಗಿ ಇಟ್ಟಿದ್ದಾರೆ. ಅದು ಮ್ಯೂಸಿಯಂ ಕೆಲಸ. ಎರಡು ರೂಮಿನ ಮನೆಯಲ್ಲಿ ನಾನು ಅದನ್ನು ಮಾಡಬೇಕಿಲ್ಲ.

ನಮ್ಮ ದೇಶದಲ್ಲಿ ಈ ಡಬ್ಬದ ಮೋಹಕ್ಕೆ ಇನ್ನೊಂದು ಕಾರಣವೂ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ದೊಡ್ಡ ಸೆಟ್ ಇಲ್ಲಿ ಕೊಳ್ಳುವುದು ಬಹಳ ಕಷ್ಟ. ಅಮೆರಿಕದಿಂದಲೋ ಜರ್ಮನಿಯಿಂದಲೋ ಯಾರಾದರೂ ಬರುತ್ತಾರೆ ಅಂದರೆ ಕಾದು ಕೂತು ತರಿಸುತ್ತೇವೆ. ಎಷ್ಟೋ ಜನ ಸೂಟ್‌ಕೇಸಿನಲ್ಲಿ ಜಾಗ ಇಲ್ಲ ಅಂತ ಡಬ್ಬ ಬಿಚ್ಚಿ, ಒಳಗಿನ ಕವರುಗಳನ್ನು ಸೀರೆ ಬಟ್ಟೆಗಳ ನಡುವೆ ತುರುಕಿ, ರಟ್ಟನ್ನು ಮಡಚಿ ತರುತ್ತಾರೆ. ನನಗೆ ಈ ತಾಜ್ ಮಹಲನ್ನು ತಂಗಿ (ಚಿಕ್ಕಮ್ಮನ ಮಗಳು) ಡಬ್ಬ ಸಮೇತ, ಒಂದು ಇಡೀ ಲಗೇಜನ್ನು ಅದಕ್ಕೇ ಮೀಸಲಿಟ್ಟು ತಂದಳು. ಅಷ್ಟು ಕಷ್ಟಪಟ್ಟು ತಂದದ್ದನ್ನು ಒಡೆಯಲು ಮನಸ್ಸು ಬರುತ್ತಿರಲಿಲ್ಲ. ಅವಳು ಪ್ರತಿ ಸಲ ಫೋನ್ ಮಾಡಿದಾಗಲೂ ಕೇಳುತ್ತಿದ್ದದ್ದು ಒಂದೇ: "ಅಕ್ಕಾ, ಜೋಡಿಸಿದ್ಯಾ?"

ಜೋಡಿಸಿದ್ದು ನಾನೊಬ್ಬಳೇ ಅಲ್ಲ. ಅಮ್ಮ ಈಗ ನಮ್ಮ ಜೊತೆಯೇ ಇದ್ದಾಳೆ. ವಯಸ್ಸು ಎಪ್ಪತ್ತನಾಲ್ಕು. ಆ ಭಾನುವಾರ ಹಾಲ್‌ನ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕವರುಗಳನ್ನು ಬಿಚ್ಚುತ್ತಿದ್ದೆ. ಅಮ್ಮ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು ನೋಡಿದಳು. "ಏನೇ ಇದು, ಎಲ್ಲಾ ಬೆಳ್ಳಗೆ ಅಕ್ಕಿ ಥರ ಇದೆ" ಅಂದಳು. ಎದ್ದು ಹೋಗಿ ಅಡುಗೆಮನೆಯಿಂದ ಮೊರ ತಂದಳು.

ತಾಜ್ ಮಹಲಿನ ಪೀಸುಗಳಲ್ಲಿ ಜಾಸ್ತಿ ಬಿಳಿಯವೇ. ಅದರಲ್ಲಿ ಅರ್ಧದಷ್ಟು ಹೆಬ್ಬೆರಳಿನ ಉಗುರಿಗಿಂತ ಚಿಕ್ಕವು. ಅಮ್ಮ ಮೊರದಲ್ಲಿ ಒಂದು ಬೊಗಸೆ ಹಾಕಿಕೊಂಡು, ಕಲ್ಲು ಆರಿಸುವ ಹಾಗೆ ಒಂದೊಂದೇ ಬೆರಳಿನಿಂದ ಜರುಗಿಸುತ್ತಾ ಬೇರೆ ಮಾಡಿದಳು. ದುಂಡಗಿನವು ಒಂದು ಬಟ್ಟಲಿಗೆ, ಚಪ್ಪಟೆಯವು ಇನ್ನೊಂದಕ್ಕೆ, ಕಮಾನಿನವು ಚಟ್ನಿ ಬೋಗುಣಿಗೆ. ಐವತ್ತು ವರ್ಷ ಅಕ್ಕಿ ಆರಿಸಿದ ಕೈ ಅದು. ನಾನು ಹತ್ತು ನಿಮಿಷ ತಡಕಾಡುವ ಪೀಸು ಅವಳಿಗೆ ತಕ್ಷಣ ಸಿಗುತ್ತಿತ್ತು. ಕನ್ನಡಕ ಹಾಕಿಕೊಂಡು ಮ್ಯಾನ್ಯುಯಲಿನ ಚಿತ್ರ ನೋಡಿ, "ಇಲ್ಲಿ ಎರಡು ಬೇಕು, ನೀನು ಒಂದೇ ಹಾಕಿದೀಯ" ಅಂತ ನನ್ನನ್ನೇ ತಿದ್ದಿದಳು.

ಏಳು ವಾರ ಹಿಡಿಯಿತು. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ. ಮೊದಲು ಅಡಿಪಾಯ, ಆಮೇಲೆ ಗೋಡೆ, ನಾಲ್ಕು ಮಿನಾರು. ನಡುವಿನ ದೊಡ್ಡ ಗುಮ್ಮಟ ಕೂರಿಸಿದ ದಿನ ಅಮ್ಮ ಪಾಯಸ ಮಾಡಿದಳು. ಅವತ್ತು ಊಟ ಆದ ಮೇಲೆ ಸುಮ್ನೆ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು: "ಆ ಕಬ್ಬಿಣದ ಆಟದ ಸಾಮಾನು ನಾನು ಎತ್ತಿಡಬಾರದಿತ್ತು ಅಲ್ವೇನೇ?" ನಾನು ಏನೂ ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.

ಅಮ್ಮ ಎತ್ತಿಟ್ಟದ್ದರಲ್ಲಿ ಒಂದು ಮಾತ್ರ ಹಾಳಾಗಿಲ್ಲ. ಅವಳ ಪಟ್ಟದ ಗೊಂಬೆ. ಮದುವೆಯಲ್ಲಿ ಅಜ್ಜಿ ಕೊಟ್ಟ ರಾಜ ರಾಣಿ ಜೋಡಿ, ರಕ್ತಚಂದನದ ಮರದ್ದು. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿರುತ್ತದೆ. ಆದರೆ ಪ್ರತಿ ದಸರಾಕ್ಕೆ ಆ ಟ್ರಂಕು ತೆರೆಯುತ್ತದೆ. ಒರೆಸುತ್ತಾಳೆ, ಹೊಸ ಬಟ್ಟೆ ಉಡಿಸುತ್ತಾಳೆ, ಮೆಟ್ಟಿಲ ಮೇಲೆ ಕೂರಿಸುತ್ತಾಳೆ. ಬೀದಿಯ ಮಕ್ಕಳೆಲ್ಲ ಬಂದು ನೋಡಿ ಗೊಂಬೆ ಬಾಗಿನ ತೆಗೆದುಕೊಂಡು ಹೋಗುತ್ತಾರೆ. ವರ್ಷಾ ವರ್ಷಾ ಕೈ ಆಡುವುದರಿಂದಲೇ ಅದು ಇನ್ನೂ ಚೆನ್ನಾಗಿದೆ ಅಂತ ನನಗೆ ಅನ್ನಿಸುತ್ತದೆ.

ಗುಂಪಿನ ಗೆಳೆಯರಿಗೆ ಇನ್ನೊಂದು ವಿಷಯ. ಡಬ್ಬವನ್ನು ನಾನು ಎಸೆದಿಲ್ಲ. ಅಂಚು ಬಿಡಿಸಿ, ಮಡಚಿ, ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಮ್ಯಾನ್ಯುಯಲ್ ಪುಸ್ತಕದ ಕಪಾಟಿನಲ್ಲಿದೆ. ಮುಗಿದ ಮೇಲೆ ಉಳಿದ ಹೆಚ್ಚುವರಿ ಪೀಸುಗಳನ್ನು ಅಮ್ಮ ಖಾಲಿ ಹಿಂಗಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಲಾಫ್ಟ್ ಮೇಲೆ ಇನ್ನೂ ಐದು ಸೆಟ್ ಇವೆ. ದೀಪಾವಳಿ ರಜೆಗೆ ಅಣ್ಣನ ಮಗ ಬರುತ್ತಾನೆ. ಯಾವುದು ಮೊದಲು ಅಂತ ಅವನೇ ಆರಿಸಲಿ.

ಸದ್ಯಕ್ಕೆ ಮನೆಯಲ್ಲಿ ಗೊಂಬೆ ಕೂರಿಸುವ ತಯಾರಿ. ಈ ಸಲ ಮೆಟ್ಟಿಲ ಪಕ್ಕದಲ್ಲಿ ಪಾರ್ಕಿನ ಬದಲು ತಾಜ್ ಮಹಲ್ ಇಡಬೇಕಂತೆ. ಮುಂದೆ ಉದ್ದಕ್ಕೂ ಎರಡೂ ಕಡೆ ರಾಗಿ ಪೈರು, ನಡುವೆ ನೀರಿನ ಕಾಲುವೆಯ ಹಾಗೆ ಒಂದು ಉದ್ದನೆಯ ಕನ್ನಡಿ ತುಂಡು. ರಾಗಿ ಯಾವತ್ತು ನೆನೆಹಾಕಬೇಕು ಅಂತ ಅಮ್ಮ ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾಳೆ. ನಾಳೆ ನಾನು ಕನ್ನಡಿ ಕತ್ತರಿಸುವ ಅಂಗಡಿಗೆ ಹೋಗಬೇಕು.