ನಾಯಿ ಇರಲಿ, ಹೊಳೆ ಬೇಡ

ನಮ್ಮ ಚಿಕ್ಕಮ್ಮನಿಗೆ ಕಾದಂಬರಿ ಕೊಡುವುದು ಸುಲಭದ ಕೆಲಸವಲ್ಲ. ಬೆನ್ನುಡಿ ನೋಡುವುದಿಲ್ಲ, ಬರೆದವರು ಯಾರೆಂದು ಕೇಳುವುದಿಲ್ಲ. ಪುಸ್ತಕ ಕೈಗೆ ಬಂದ ಕೂಡಲೇ ಒಂದೇ ವಿಚಾರಣೆ: "ಇದ್ರಲ್ಲಿ ನಾಯಿ ಇದ್ಯಾ? ಇದ್ರೆ, ಸಾಯ್ತದಾ?"

ಮೂರು ವರ್ಷದ ಹಿಂದೆ ಅವರ ನಾಯಿಯನ್ನು ಚಿರತೆ ಅಂಗಳದಿಂದಲೇ ಹೊತ್ತುಕೊಂಡು ಹೋಯಿತು. ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಲ್ಲಿ ಇದು ಹೊಸ ಸುದ್ದಿಯಲ್ಲ. ಆದರೆ ಅಂದಿನಿಂದ ಚಿಕ್ಕಮ್ಮನ ವಿಮರ್ಶೆಗೆ ಇದೊಂದೇ ಅಳತೆಗೋಲು. ಮನುಷ್ಯರು ಸತ್ತರೆ ಅಡ್ಡಿಯಿಲ್ಲ. 'ಸಂಸ್ಕಾರ'ದಲ್ಲಿ ನಾರಣಪ್ಪನ ಹೆಣ ಬಿದ್ದಿರುವಾಗ ಇಡೀ ಅಗ್ರಹಾರ ಶಾಸ್ತ್ರ ಹುಡುಕುತ್ತ ಕೂತದ್ದನ್ನು, ಅವರು ಹಲಸಿನ ಹಪ್ಪಳಕ್ಕೆ ಕಾಗೆ ಕಾಯುತ್ತ ಎರಡೇ ಮಧ್ಯಾಹ್ನದಲ್ಲಿ ಓದಿ ಮುಗಿಸಿದರು. "ಬೇಗ ಸುಟ್ಟಿದ್ರೆ ಕಥೆಯೇ ಇರ್ತಿರ್ಲಿಲ್ಲ" ಎಂದರು, ಅಷ್ಟೆ. ಎಂ.ಕೆ. ಇಂದಿರಾರ 'ಫಣಿಯಮ್ಮ'ನನ್ನು ಮಾತ್ರ ಮೂರು ಸಲ ಓದಿದ್ದಾರೆ. ಮೂರನೆಯ ಸಲ ಓದಿದ ಮೇಲೆ ಪುಸ್ತಕ ವಾಪಸು ಬರಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಕಡೆ ನೆಂಟರು ಹೊರಟು ನಿಂತರೆ ಕೈಗೆ ಒಂದು ಡೇರೆ ಹೂವಿನ ಗೆಡ್ಡೆ ಕೊಡುವ ಪದ್ಧತಿಯಿದೆ. ನಾನು ಕಾದಂಬರಿ ಕೊಡುತ್ತೇನೆ. ಚಟ ಎಂದರೂ ಸರಿ. ಗೆಡ್ಡೆಯದು ಒಂದು ನಿಯತ್ತು: ನಮ್ಮಲ್ಲಿ ಕೆಂಪು ಬಿಟ್ಟದ್ದು ಅವರ ಅಂಗಳದಲ್ಲೂ ಕೆಂಪೇ ಬಿಡುತ್ತದೆ. ಕಾದಂಬರಿಗೆ ಆ ಖಾತ್ರಿಯಿಲ್ಲ.

ಭಾವನಿಗೆ 'ಕರ್ವಾಲೋ' ಕೊಟ್ಟಿದ್ದೆ. ಜೇನು ಪೆಟ್ಟಿಗೆ ಇಟ್ಟಿರುವ ಮನುಷ್ಯ, ಜೇನಿನಿಂದಲೇ ಶುರುವಾಗುವ ಕಥೆ, ತೇಜಸ್ವಿಯವರ ಹಾಸ್ಯ ಬೇರೆ. 1980ರಲ್ಲಿ ಬಂದದ್ದು, ಇವತ್ತಿಗೂ ಹಳತಾಗಿಲ್ಲ ಎಂದು ನಾನೇ ಭಾಷಣ ಮಾಡಿದ್ದೆ. ವಾರ ಬಿಟ್ಟು ಭಾವ ಪುಸ್ತಕ ತಂದಿಟ್ಟು, "ಹಾರೋ ಓತಿ ನೋಡಕ್ಕೆ ಅಷ್ಟು ಜನ ಕಾಡಿಗೆ ಯಾಕೆ ಹೋದ್ರು ಮಾರಾಯ? ನಮ್ಮ ತೋಟದ ಅಡಿಕೆ ಮರದಲ್ಲಿ ದಿನಾ ಕಾಣ್ತದಲ್ಲ" ಎಂದ. ಸುಳ್ಳಲ್ಲ. ನಮ್ಮ ತೋಟಗಳಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುವ ಓತಿಗಳಿವೆ. ಕಾಲಾಂತರದ ರಹಸ್ಯವೆಂದು ನಾನು ಬೆರಗಾದದ್ದು ಭಾವನಿಗೆ ಅಕ್ಕಪಕ್ಕದ ಮನೆಯ ಸಮಾಚಾರ.

ಸಾಗರದ ಹಿರಿಯರೊಬ್ಬರಿಗೆ ನಾ. ಡಿಸೋಜರ 'ದ್ವೀಪ' ಕೊಟ್ಟದ್ದು ಇನ್ನೊಂದು ಕಥೆ. ಲಿಂಗನಮಕ್ಕಿಯಲ್ಲಿ ನೀರು ನಿಂತ ಕಾಲಕ್ಕೆ, ಅಂದರೆ 1964ರ ಸುಮಾರಿಗೆ, ಮನೆ ಬಿಟ್ಟು ಬಂದವರಲ್ಲಿ ಅವರೂ ಒಬ್ಬರು. ಸುತ್ತ ನೀರೇರುತ್ತಿರುವಾಗ ಗುಡ್ಡದ ಮೇಲೆ ಉಳಿದುಕೊಂಡ ಗಣಪಯ್ಯ, ನಾಗಿಯರ ಕಥೆಯನ್ನು ಅವರು ಹೇಗೆ ತಡೆದುಕೊಳ್ಳುತ್ತಾರೋ ಎಂದು ನನಗೆ ಒಳಗೊಳಗೇ ಅಂಜಿಕೆ. ಅವರು ಕೇಳಿದ್ದು ಬೇರೆಯೇ: "ಈ ಗುಡ್ಡ ಮಡೆನೂರು ಅಣೆಕಟ್ಟಿಂದ ಮೇಲಕ್ಕೋ ಕೆಳಕ್ಕೋ?" ಮಡೆನೂರಿನ ಆ ಹಳೇ ಅಣೆಕಟ್ಟೂ ಮುಳುಗಿದ್ದೇ, ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಮಾತ್ರ ಮೇಲೆದ್ದು ಕಾಣುತ್ತದೆ. ಮೇಜಿನ ಮೇಲೆ ಲೋಟ, ತಟ್ಟೆ, ಕನ್ನಡಕದ ಡಬ್ಬಿ ಇಟ್ಟು ಊರುಗಳನ್ನು ಜೋಡಿಸಿದರು. ಗಣಪಯ್ಯನ ಗುಡ್ಡ ಎಲ್ಲಿ ಕೂರುತ್ತದೆಂದು ಮಾತ್ರ ಬಗೆಹರಿಯಲಿಲ್ಲ. ಕಾದಂಬರಿ ಎಂದರೆ ಕಲ್ಪನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟಾದರೂ ಬುದ್ಧಿ ಬರದೆ, ಹೋದ ಮಳೆಗಾಲದಲ್ಲಿ ಚಿಕ್ಕಮ್ಮನಿಗೆ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ಕುಪ್ಪಳಿಗೆ ನೆಂಟರನ್ನು ಕರೆದುಕೊಂಡು ಹತ್ತಾರು ಸಲ ಹೋಗಿದ್ದಾರೆ, ಕವಿಶೈಲದ ಮೇಲೆ ಚಿತ್ರಾನ್ನ ತಿಂದಿದ್ದಾರೆ, ಆ ಪುಸ್ತಕ ಓದಿಲ್ಲ. ಮಾಮೂಲಿ ಪ್ರಶ್ನೆ ಬಂತು.

"ನಾಯಿ ಇದೆ. ಹುಲಿಯ ಅಂತ. ಗುತ್ತಿಯ ನಾಯಿ."

"ಸಾಯ್ತದಾ?"

"ಓದಿ ಸುಮಾರು ವರ್ಷ ಆಯ್ತು ಚಿಕ್ಕಮ್ಮ. ನೆನಪಿಲ್ಲ" ಎಂದುಬಿಟ್ಟೆ. ಓದಿದವರು ಯಾರೂ ಮರೆಯಲಾರದ ಸಂಗತಿಯದು. ತುಂಬಿದ ತುಂಗೆ ಆ ನಾಯಿಯನ್ನು ಸೆಳೆದುಕೊಂಡು ಹೋಗುವ ಪುಟಗಳನ್ನು ಕಾಲೇಜಿನಲ್ಲಿದ್ದಾಗ ಬಸ್ಸಿನಲ್ಲಿ ಓದಿ, ಇಳಿಯುವ ಊರು ದಾಟಿ ಹೋಗಿದ್ದವನು ನಾನು. ಆದರೆ ನಿಜ ಹೇಳಿದರೆ ಪುಸ್ತಕ ಅಲ್ಲೇ ಕಪಾಟು ಸೇರುತ್ತಿತ್ತು.

ಎಳ್ನೂರು ಚಿಲ್ಲರೆ ಪುಟ. ಆಷಾಢ ಪೂರ್ತಿ ಫೋನು ಬರುತ್ತಿತ್ತು. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೊರಟದ್ದು, ಐತ ಪೀಂಚಲುವಿನ ಸಂಸಾರ, ಚಿನ್ನಮ್ಮನ ಮದುವೆಯ ಫಜೀತಿ ಎಲ್ಲವೂ ಪಕ್ಕದೂರಿನ ಸುದ್ದಿಯ ಹಾಗೆ. ಕರೆಂಟು ಹೋದ ದಿನ ಚಾರ್ಜರ್ ಲೈಟಿನಲ್ಲಿ ಓದುತ್ತಿದ್ದರಂತೆ. ಪ್ರತಿ ಸಲ ಫೋನು ಇಡುವ ಮೊದಲು, "ಹುಲಿಯ ಆರಾಮಿದಾನೆ" ಎಂದು ವರದಿ. ನನಗೆ ಎದೆ ಡವಡವ.

ಚೌತಿ ಕಳೆದ ಮೇಲೆ ಪುಸ್ತಕ ವಾಪಸು ಬಂತು. ಕೊನೆಗೆ ಇನ್ನೇನು ಹತ್ತು ಪುಟ ಇರುವಲ್ಲಿ ಹಾಳೆಯ ಚೂರೊಂದನ್ನು ಗುರುತಿಗೆ ಸಿಕ್ಕಿಸಿದ್ದರು.

"ಮುಗಿಸಿಲ್ವಾ?"

"ಇಲ್ಲ. ಹೊಳೆ ತುಂಬಿ ಹರೀತಾ ಇದೆ. ಇಷ್ಟು ವರ್ಷ ತುಂಗೆ ದಡದಲ್ಲಿದ್ದು ನಂಗೆ ಅಷ್ಟೂ ಗೊತ್ತಾಗಲ್ವಾ? ಹುಲಿಯ ಇನ್ನೂ ನೀರಿಗೆ ಇಳಿದಿಲ್ಲ. ಅಲ್ಲೇ ಇರ್ಲಿ."

ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಇಲ್ಲ. ತೊಡೆದೇವು ತಂದಿಟ್ಟು ಎದುರು ಕೂತರು.

"ಇನ್ನೊಂದು ಕೊಡು. ನಾಯಿ ಇದ್ರೆ ಇರ್ಲಿ, ಹೊಳೆ ಬೇಡ."

ಹೊಳೆಯಿಲ್ಲದ ಕಾದಂಬರಿಯನ್ನು ಮಲೆನಾಡಿನಲ್ಲಿ ಎಲ್ಲಿಂದ ತರಲಿ? ಮನೆಗೆ ಬಂದು ಕಪಾಟಿನ ಮುಂದೆ ನಿಂತೆ. ಇಂದಿರಾರ ಮೊದಲ ಕಾದಂಬರಿಯ ಹೆಸರೇ 'ತುಂಗಭದ್ರ'. ಹೊಸದನ್ನು ನೋಡೋಣವೆಂದರೆ ವಸುಧೇಂದ್ರರ 'ತೇಜೋ ತುಂಗಭದ್ರಾ'ದ ಹೆಸರಿನಲ್ಲೇ ಎರಡು ಹೊಳೆ: ಲಿಸ್ಬನ್ನಿನದೊಂದು, ನಮ್ಮದೊಂದು. 'ಮುಳುಗಡೆ'ಯನ್ನು ಮುಟ್ಟಿ ಕೈ ಹಿಂದೆ ತೆಗೆದೆ. ಕೊನೆಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಸಿಕ್ಕಿತು. ತೆಳ್ಳಗಿದೆ, ಬೆಂಗಳೂರಿನ ಕಥೆ, ದೋಣಿ ನೆರೆ ಏನೂ ಇಲ್ಲ. ಫೋನು ಮಾಡಿದೆ.

"ಚಿಕ್ಕಮ್ಮ, ಒಂದು ಸಿಕ್ಕಿದೆ. ಆದ್ರೆ ಇದ್ರಲ್ಲಿ ಇರುವೆ ಸಾಯ್ತವೆ. ಅಡ್ಡಿಯಿಲ್ವಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಕೆಂಪಿರುವೆಯಾ, ಕಪ್ಪಾ?"