ಹಳ್ಳ ತುಂಬಿದೆ, ಮನೆ ಕತ್ತಲೆ

ಹೋದ ಜುಲೈನಲ್ಲಿ ಅಪ್ಪಯ್ಯ ಪೇಟೆಯಿಂದ ಫೋನ್ ಮಾಡಿದರು. "ಕರೆಂಟ್ ಹೋಗಿ ನಾಲ್ಕು ದಿನ ಆಯ್ತು ಮಾರಾಯ. ಮೊಬೈಲ್ ಚಾರ್ಜಿಗೆ ಹಾಕ್ಲಿಕ್ಕೆ ಅಂತಲೇ ಇಲ್ಲಿಗೆ ಬಂದೆ." ಲೈನ್ ಮೇಲೆ ಮರ ಬಿದ್ದಿತ್ತಂತೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸುದ್ದಿಯೇ ಅಲ್ಲ. ನನಗೆ ಚುಚ್ಚಿದ್ದು ಬೇರೆ. ನಮ್ಮ ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಇದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ ನಾನೇ ಹಟ ಮಾಡಿ ಹಾಕಿಸಿದ್ದು.

"ಅದು ಎಂತ ಮಾಡ್ತಿದೆ?" ಅಂದೆ.

"ಅದಕ್ಕೂ ಕರೆಂಟ್ ಇಲ್ವಲ್ಲ."

ಕೇಳಲಿಕ್ಕೆ ತಮಾಷೆ, ಆದರೆ ನಿಜ. ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಅಂದರೆ ಭಾಗವತರಿಲ್ಲದೆ ಕುಣಿಯದ ವೇಷ. ಲೈನಿನಲ್ಲಿ 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಐವತ್ತು ಸಲದ ತಾಳ ಕೇಳಿಸುತ್ತಿರಬೇಕು. ತಾಳ ನಿಂತರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಅದೂ ನಿಲ್ಲುತ್ತದೆ. ನಿಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆಯಬಹುದು. ಅಲ್ಲಿಗೆ ಎಲ್ಲ ಸರಿ. ಹಾಗಾದರೆ ಆ ತಾಳವನ್ನು ಊರಿನೊಳಗೇ ಯಾರಾದರೂ ಹಾಕಬಾರದಾ?

ಹಾಕಬಹುದು. ನಾನಿರುವ ಆಸ್ಟ್ರೇಲಿಯಾದ ಪರ್ತ್‌ನಿಂದ ಉತ್ತರಕ್ಕೆ ಸುಮಾರು 570 ಕಿಲೋಮೀಟರ್ ದೂರದಲ್ಲಿ ಕಲ್ಬಾರಿ ಅಂತ ಸಮುದ್ರ ದಂಡೆಯ ಸಣ್ಣ ಊರಿದೆ. ಅದಕ್ಕೆ ಕರೆಂಟ್ ಬರುವುದು ಜೆರಾಲ್ಡ್‌ಟನ್‌ನಿಂದ, ಸುಮಾರು 140 ಕಿಲೋಮೀಟರ್ ಉದ್ದದ ಒಂದೇ ಲೈನಿನಲ್ಲಿ. ಕಡಲಿನ ಉಪ್ಪು, ಬಯಲಿನ ಧೂಳು ಇನ್ಸುಲೇಟರ್ ಮೇಲೆ ಕೂತು ಕಂಬದ ತುದಿಗೇ ಬೆಂಕಿ ಹತ್ತುತ್ತಿತ್ತು. ಲೈನ್ ದುರಸ್ತಿ ಮಾಡಿ ಮಾಡಿ ಸಾಕಾಗಿ ಅಲ್ಲೊಂದು ಮೈಕ್ರೋಗ್ರಿಡ್, ಅಂದರೆ ಊರಿನದ್ದೇ ಸಣ್ಣ ಕರೆಂಟ್ ಜಾಲ ಮಾಡಿದರು. ಗಾಳಿಯಂತ್ರದ್ದು 1.6 ಮೆಗಾವ್ಯಾಟ್, ಜನರ ಮನೆ ಮಾಡಿನದ್ದು ಸುಮಾರು ಒಂದು ಮೆಗಾವ್ಯಾಟ್, ಜೊತೆಗೆ ಒಂದು ದೊಡ್ಡ ಬ್ಯಾಟರಿ. ದೂರದ ಲೈನ್ ಸತ್ತರೆ ಊರು ಅದರಿಂದ ಕಳಚಿಕೊಳ್ಳುತ್ತದೆ. ಬ್ಯಾಟರಿ ಭಾಗವತಿಕೆಗೆ ಕೂರುತ್ತದೆ, ಮಾಡಿನ ಪ್ಯಾನೆಲ್‌ಗಳು ಕುಣಿಯುತ್ತವೆ. ಲೈನ್ ವಾಪಸ್ ಬಂದಾಗ ಎರಡರ ತಾಳ ಕೂಡಿಸಿ ಮತ್ತೆ ಜೋಡಿಸುತ್ತಾರೆ. ಇನ್ನೂ ಉತ್ತರದ ಆನ್‌ಸ್ಲೋ ಊರಂತೂ 2021ರಲ್ಲಿ 80 ನಿಮಿಷ ಬರೀ ಸೋಲಾರ್ ಮತ್ತು ಬ್ಯಾಟರಿಯಲ್ಲೇ ನಡೆಯಿತು.

ಇದನ್ನೆಲ್ಲ ಓದುವಾಗ ನನಗೆ ಬೆರಗಿಗಿಂತ ಸಿಟ್ಟೇ ಜಾಸ್ತಿ. ಯಾಕಂದ್ರೆ ಕಂಬದ ಕರೆಂಟ್ ಬರುವ ಮೊದಲು ನಮ್ಮನೆಯಲ್ಲಿ ಹಳ್ಳದ ಕರೆಂಟ್ ಇತ್ತು. ಗುಡ್ಡದ ಮೇಲಿಂದ ಪೈಪು, ತೋಟದ ತಲೆಯಲ್ಲಿ ಪುಟ್ಟ ಟರ್ಬೈನ್. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಬಿದ್ದರೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಸಿಗುತ್ತದೆ. ಬಿಸಿಲಿಲ್ಲದ ತಿಂಗಳಲ್ಲಿ ಹಳ್ಳ ತುಂಬಿರುತ್ತದೆ, ಹಳ್ಳ ಬತ್ತುವ ಹೊತ್ತಿಗೆ ಬಿಸಿಲು ಸುಡುತ್ತಿರುತ್ತದೆ. ಇಂಥ ಜೋಡಿ ಆ ಕಲ್ಬಾರಿಗೆಲ್ಲಿದೆ? ಕಂಬದ ಕರೆಂಟ್ ಬಂದ ದಿನ ಅಮ್ಮ ಪಾಯಸ ಮಾಡಿದರು. ಟರ್ಬೈನ್ ಕೊಟ್ಟಿಗೆ ಅಟ್ಟ ಸೇರಿತು.

ಕಳೆದ ಸಲ ಊರಿಗೆ ಹೋದಾಗ ಕರೆಂಟ್ ಆಫೀಸಿನಲ್ಲಿ ಕೇಳಿಯೂ ಬಂದೆ. ನಮ್ಮ ಟಿಸಿಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ ಸೇರಿದ್ದು ಹನ್ನೊಂದೇ ಮನೆ. ಹಳ್ಳ, ಸೋಲಾರ್, ಒಂದು ಬ್ಯಾಟರಿ ಸೇರಿಸಿ ಮಳೆಗಾಲದಲ್ಲಿ ನಮ್ಮಷ್ಟಕ್ಕೇ ನಾವು ನಡೆಸಿಕೊಳ್ಳಬಹುದಾ? ಎಂಜಿನಿಯರ್ ನಕ್ಕರು. "ಅರ್ಜೀಲಿ ಅದಕ್ಕೆ ಕಾಲಮ್ಮೇ ಇಲ್ಲ ಸಾರ್." ಕಲ್ಬಾರಿಯಲ್ಲಿ ಊರಿನ ಕರೆಂಟನ್ನು ಜಾಲಕ್ಕೆ ಸೇರಿಸಿ ಬಲ ಮಾಡಿಕೊಂಡರು. ನಾವು ಇದ್ದದ್ದನ್ನೂ ಅಟ್ಟಕ್ಕೆ ಹಾಕಿದೆವು.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಲೇಬೇಕು. 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ಬಂದಾಗ ಕಲ್ಬಾರಿಯೂ ಕತ್ತಲಲ್ಲೇ ಕೂತಿತು. ಊರೊಳಗಿನ ತಂತಿಗಳೇ ನೆಲಕ್ಕೆ ಬಿದ್ದರೆ ಯಾವ ಬ್ಯಾಟರಿ ಏನು ಮಾಡೀತು? ಮತ್ತೆ, ಅಲ್ಲಿ ಇದನ್ನೆಲ್ಲ ನೋಡಿಕೊಳ್ಳಲಿಕ್ಕೆ ಸಂಬಳದ ಜನ ಇದ್ದಾರೆ. ನಮ್ಮ ಟರ್ಬೈನಿಗೆ ಇದ್ದದ್ದು ಅಪ್ಪಯ್ಯ ಒಬ್ಬರೇ. ಪೈಪಿನ ಬಾಯಿಗೆ ಎಲೆ ಸಿಕ್ಕಿ ದೀಪ ಮಂಕಾದರೆ, ರಾತ್ರಿ ಎರಡು ಗಂಟೆಗೆ ಕಂಬಳಿ ಕೊಪ್ಪೆ ಹೊದ್ದು, ಇಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತುತ್ತಿದ್ದರು. ಈಗ ಅವರಿಗೆ ಎಪ್ಪತ್ತನಾಲ್ಕು.

"ಟರ್ಬೈನ್ ಮತ್ತೆ ಇಡೋಣ್ವಾ ಅಪ್ಪಯ್ಯ?" ಅಂತ ಅವತ್ತು ಫೋನಿನಲ್ಲೇ ಕೇಳಿದೆ.

"ಇಡು, ಬೇಡ ಅಂದವ್ರು ಯಾರು? ಎಲೆ ತೆಗೀಲಿಕ್ಕೂ ನೀನೇ ಬಾ."