ಹುದ್ದೆ ಇದೆ, ಟೆಂಡರ್ ಪುಟದಲ್ಲಿ ನೋಡ್ರಿ

ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಜಿಲ್ಲೆಗೆ ಈಗ ಒಂದೊಂದು ವಿಶ್ವವಿದ್ಯಾಲಯವಿದೆ. ರಾಯಚೂರಿಗೆ ಕೃಷಿಯದ್ದು, ಐಐಐಟಿ ಬೇರೆ. (ಕೊಪ್ಪಳದ್ದನ್ನು ಮುಚ್ಚುವ ಮಾತು 2025ರಲ್ಲಿ ಎದ್ದಿತ್ತು, ಇರಲಿ.) ಇಷ್ಟಿದ್ದೂ ಸಂಶೋಧನಾ ಹುದ್ದೆ ಸಿಗಲಿಲ್ಲ ಅನ್ನುವವರಿಗೆ ಹುಡುಕಲು ಬರುವುದಿಲ್ಲ, ಅಷ್ಟೇ.

ಮೊದಲು ಗೂಗಲ್ ಬಿಡಿ. ಪ್ರಕಟಣೆಯನ್ನು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಿಸಿ, ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿಸಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಏರಿಸಿರುತ್ತಾರೆ. ಈಗ ಅದು ಬರಹವಲ್ಲ, ಫೋಟೋ. ‘ಸಂಶೋಧನಾ ಸಹಾಯಕ’ ಎಂದು ಎಷ್ಟು ಸಲ ಹುಡುಕಿದರೂ ಸಿಕ್ಕದು. ‘ನೇಮಕಾತಿ’ ಒತ್ತಿದರೆ ಯಾವುದೋ ಕಾಲದ ಅತಿಥಿ ಉಪನ್ಯಾಸಕರ ಪಟ್ಟಿ. ‘ಟೆಂಡರ್’ ಒತ್ತಿ. ಹಾಸ್ಟೆಲಿಗೆ ಅಕ್ಕಿ ಪೂರೈಕೆಗೂ ಜೆರಾಕ್ಸ್ ಯಂತ್ರದ ರಿಪೇರಿಗೂ ನಡುವೆ ನಿಮ್ಮ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹುದ್ದೆ ಕೂತಿದೆ. ಸಂದರ್ಶನ ನಾಳೆ ಬೆಳಗ್ಗೆ ಹತ್ತೂವರೆಗೆ, ಮೂಲ ದಾಖಲೆ ಸಮೇತ. ಟಿಎ, ಡಿಎ ಇಲ್ಲ.

ಓಡುವ ಮುಂಚೆ ‘ಅಪೇಕ್ಷಣೀಯ ಅರ್ಹತೆ’ ಓದಿ. ‘ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸವಳು ಮಣ್ಣಿನಲ್ಲಿ ಎರಡು ವರ್ಷದ ಅನುಭವ’ ಎಂದಿದ್ದರೆ ಅಂಥವರು ಭೂಮಿ ಮೇಲೆ ಒಬ್ಬರೇ, ಅವರು ಆಗಲೇ ಲ್ಯಾಬಿನಲ್ಲಿ ಚಹಾ ಕುಡಿಯುತ್ತಿದ್ದಾರೆ. ನೀವು ಕೋರಂ ತುಂಬಲು ಬೇಕು.

ವಿಜ್ಞಾನದವರ ಹುದ್ದೆ ವಿಭಾಗದ್ದಲ್ಲ, ಪ್ರಾಜೆಕ್ಟಿನದು. ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ದರೆ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎರಡು ವರ್ಷ ಕಳೆದರೆ 42,000. 2023ರ ಜನವರಿಯಿಂದ ಇದೇ ದರ. ಕಾಗದದ ಮೇಲಿನ ದರ, ಅನ್ನಿ. ಎರಡನೇ ವರ್ಷದ ಅನುದಾನ ಬರಬೇಕಾದರೆ ಮೊದಲ ವರ್ಷದ ಹಣಬಳಕೆ ಪ್ರಮಾಣಪತ್ರ ಹೋಗಬೇಕು. ಆ ಕಡತ ಹಣಕಾಸು ಅಧಿಕಾರಿಗಳ ಮೇಜಿನ ಮೇಲೆ ಸಮಾಧಿ ಸ್ಥಿತಿಯಲ್ಲಿರುತ್ತದೆ, ಸಂಬಳವೂ ಜೊತೆಗೆ. ಹಾಗಾಗಿ ಸಂದರ್ಶನದಲ್ಲಿ ಎರಡೇ ಪ್ರಶ್ನೆ ನೀವು ಕೇಳಿ: ಪ್ರಾಜೆಕ್ಟ್ ಮುಗಿಯುವ ತಾರೀಖು ಯಾವುದು, ಮುಂದಿನ ಕಂತು ಬಂದಿದೆಯೇ? ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಯಂತ್ರ ಖರೀದಿಗೇ ಅರ್ಧ ಅವಧಿ ಹೋಗಿದ್ದರೆ, ಯಂತ್ರದ ಡಬ್ಬಿ ಬಿಚ್ಚುವಷ್ಟರಲ್ಲಿ ನಿಮ್ಮ ಅವಧಿಯೂ ತೀರಿತು. ಇದಕ್ಕಿಂತ ಅನುದಾನ ಸಂಸ್ಥೆಗಳ ಮಂಜೂರಾತಿ ಪಟ್ಟಿ ನೋಡಿ, ಪ್ರಕಟಣೆಗೆ ಮೊದಲೇ ಪ್ರಾಜೆಕ್ಟಿನ ಮುಖ್ಯಸ್ಥರಿಗೆ ನೇರ ಬರೆಯುವುದು ವಾಸಿ. ಚಹಾ ಕುಡಿಯುತ್ತಿರುವವರೂ ಹಾಗೇ ಮಾಡಿದ್ದು.

ಕೃಷಿಯಲ್ಲಿ ಹುದ್ದೆಗಳು ಬರುತ್ತವೆ. ಎಂಎಸ್ಸಿ ಮುಗಿಸಿ, ವಾರವಾರವೂ ಹತ್ತಿ ಹೊಲದ ಮೋಹಕ ಬಲೆಗೆ ಬಿದ್ದ ಗುಲಾಬಿ ಕಾಯಿಕೊರಕದ ಪತಂಗ ಎಣಿಸಬೇಕು. ಹುಳಕ್ಕಾದರೂ ನೇಮಕಾತಿ ಪ್ರತಿ ಹಂಗಾಮಿನಲ್ಲೂ ತಪ್ಪುವುದಿಲ್ಲ.

ಇನ್ನು ಇತಿಹಾಸ, ಕನ್ನಡ. ಮಸ್ಕಿಯಲ್ಲಿ ಅಶೋಕನ ಶಾಸನ 1915ರಲ್ಲೇ ಸಿಕ್ಕಿತು, ಕೊಪ್ಪಳದ ಗವಿಮಠ, ಪಾಲ್ಕಿಗುಂಡುವಿನಲ್ಲೂ ಇವೆ. ಕಲ್ಲಿಗೆ ಕೊರತೆಯಿಲ್ಲ, ಓದುವವರಿಗೆ ಪ್ರಾಜೆಕ್ಟ್ ಇಲ್ಲ. ಪಿಎಚ್‌ಡಿಯೇ ದಾರಿ. 2022ರ ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶಕರಾಗಬಹುದು, ಕಾಯಂ ಆಗಿದ್ದರೆ. ಪಾಠವೆಲ್ಲ ಅತಿಥಿಗಳೇ ಮಾಡುವ ವಿಭಾಗದಲ್ಲಿ ಎಂಟು, ಆರು, ನಾಲ್ಕು ಕೂಡಿಸಿದರೂ ಸೊನ್ನೆ.

‘ಗೈಡ್ ಇಲ್ರೀ, ಮುಂದಿನ ವರ್ಷ ಬರ್ರಿ’ ಅನ್ನುತ್ತಾರೆ ಕಚೇರಿಯವರು. ಆದರೆ ಜೆಆರ್‌ಎಫ್ ಫೆಲೋಶಿಪ್ ಸಿಗದೆ ಪಿಎಚ್‌ಡಿ ಪ್ರವೇಶಕ್ಕಷ್ಟೇ ಅರ್ಹರಾದವರ ನೆಟ್ ಅಂಕಕ್ಕೆ ಆಯುಷ್ಯ ಒಂದೇ ವರ್ಷ. ಮತ್ತೆ ಅರ್ಜಿ, ಮತ್ತೆ ಪರೀಕ್ಷೆ. ಶುಲ್ಕ ಮಾತ್ರ ಆನ್‌ಲೈನಿನಲ್ಲಿ ಒಂದೇ ನಿಮಿಷಕ್ಕೆ ಕಟ್ಟಬಹುದು.